ಜಗಜಟ್ಟಿ ಗಾಮ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸುತ್ತಲಿನ ಊರುಗಳಲ್ಲಿ ಗರಡಿಮನೆಯು ಊರಿನ ಬಾಳಿನ ಒಂದು ಅಂಗವಾಗಿದ್ದ ಕಾಲವೊಂದಿತ್ತು. ಕೋಳಿ ಕೂಗುವ ಹೊತ್ತಿಗೆ ತರುಣರು ಎದ್ದು ಗರಡಿಗೆ ಹೋಗುತ್ತಿದ್ದರು. ಹನುಮಂತನ ಪಟಕ್ಕೆ ಕೈಮುಗಿದು, ಲಂಗೋಟಿ ಬಿಗಿದು, ಅಖಾಡದ ಕೆಂಪುಮಣ್ಣನ್ನು ಹಣೆಗೆ ಹಚ್ಚಿಕೊಂಡು ಸಾಮು ತೆಗೆಯಲು ತೊಡಗುತ್ತಿದ್ದರು. ಆ ಮಣ್ಣು ಹೊಲದಿಂದ ತಂದು ಸುರಿದ ಬರಿಯ ಮಣ್ಣಲ್ಲ. ಅದನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸಗಳನ್ನು ಬೆರೆಸಿ, ಬಿದ್ದವನಿಗೆ ನೋವಾಗದಷ್ಟು ಮೃದುವಾಗಿ ಹದಮಾಡಿರುತ್ತಿದ್ದರು. ಜಾತ್ರೆ ಬಂದಿತೆಂದರೆ ಹಲಗೆಯ ಸದ್ದಿನ ನಡುವೆ ಕುಸ್ತಿಗಳು ನಡೆಯುತ್ತಿದ್ದವು. ಗೆದ್ದವನ ಕೈಗೆ ಬೆಳ್ಳಿಯ ಕಡಗ ಏರುತ್ತಿತ್ತು. ಅಖಾಡಕ್ಕೆ ಇಳಿದವನ ಜಾತಿಯನ್ನಾಗಲಿ ಮತವನ್ನಾಗಲಿ ಯಾರೂ ಕೇಳುತ್ತಿರಲಿಲ್ಲ. ಮುಸಲ್ಮಾನ ಉಸ್ತಾದನು ಹಿಂದೂ ಹುಡುಗನಿಗೂ, ಹಿಂದೂ ಉಸ್ತಾದನು ಮುಸಲ್ಮಾನ ಹುಡುಗನಿಗೂ ಪಟ್ಟುಗಳನ್ನು ಕಲಿಸುವುದು ಅಲ್ಲಿ ಸಹಜವಾದ ಸಂಗತಿಯಾಗಿತ್ತು.

ಇಂತಹ ಗರಡಿಗಳಲ್ಲಿ ತಲೆಮಾರುಗಳ ಕಾಲ ಕೇಳಿಬಂದ ಹೆಸರೊಂದಿದೆ. ತನ್ನ ತೋಳ್ಬಲವನ್ನು ಕುರಿತು ಬಡಾಯಿ ಕೊಚ್ಚಿಕೊಳ್ಳುವ ಹುಡುಗನನ್ನು ಹಿರಿಯರು ಗಾಮಾ ಪೈಲ್ವಾನನಿಗೆ ಹೋಲಿಸಿ ಹಾಸ್ಯಮಾಡುತ್ತಿದ್ದರು. ಅವರಲ್ಲಿ ಹೆಚ್ಚಿನವರು ಗಾಮನನ್ನು ಕಂಡವರಲ್ಲ. ಅವನು ದೂರದ ಪಂಜಾಬಿನವನು. ಅವನ ಮಾತು ಬೇರೆ, ಊಟ ಬೇರೆ. ಆದರೂ ಅವನ ಹೆಸರು ನರ್ಮದೆಯನ್ನೂ ಕೃಷ್ಣೆಯನ್ನೂ ದಾಟಿ ತುಂಗಭದ್ರೆಯ ದಡದವರೆಗೆ ಬಂದು, ಬಲವೆಂಬ ಮಾತಿಗೆ ಇನ್ನೊಂದು ಹೆಸರಾಗಿ ನಿಂತಿತು. ಐವತ್ತು ವರ್ಷಗಳಷ್ಟು ದೀರ್ಘವಾದ ಕುಸ್ತಿಯ ಬಾಳಿನಲ್ಲಿ ಒಮ್ಮೆಯೂ ಸೋಲದ ಆ ಜಟ್ಟಿಯ ಜೀವನವು ಬರಿಯ ಗೆಲುವುಗಳ ಪಟ್ಟಿಯಲ್ಲ. ಮನುಷ್ಯನು ಬಲವನ್ನು ಹೇಗೆ ಗಳಿಸಬೇಕು, ಗಳಿಸಿದ ಬಲವನ್ನು ಯಾವುದಕ್ಕೆ ಬಳಸಬೇಕು ಎಂಬ ಎರಡು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿದೆ.

ಗಾಮನ ನಿಜವಾದ ಹೆಸರು ಗುಲಾಂ ಮಹಮ್ಮದ್ ಬಕ್ಷ್. ಅವನು 1878ರಲ್ಲಿ ಪಂಜಾಬಿನ ಅಮೃತಸರದ ಸೀಮೆಗೆ ಸೇರಿದ ಜಬ್ಬೋವಾಲ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಹಿರಿಯರು ಕಾಶ್ಮೀರದಿಂದ ಬಂದು ಪಂಜಾಬಿನಲ್ಲಿ ನೆಲೆಸಿದವರು. ಕುಸ್ತಿಯು ಆ ಮನೆತನದ ಕುಲವಿದ್ಯೆಯಾಗಿತ್ತು. ತಂದೆ ಅಜೀಜ್ ಬಕ್ಷ್ ಹೆಸರುವಾಸಿಯಾದ ಜಟ್ಟಿ. ಮಗನನ್ನು ತನಗಿಂತ ದೊಡ್ಡ ಜಟ್ಟಿಯನ್ನಾಗಿ ಮಾಡಬೇಕೆಂಬುದು ಅವನ ಆಸೆ. ಆದರೆ ಗಾಮನಿಗೆ ಆರು ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡನು. ತಂದೆಯಿಲ್ಲದ ಹುಡುಗನನ್ನು ತಾಯಿಯ ತಂದೆ ನೂನ್ ಪೈಲ್ವಾನನು ತನ್ನ ಆಶ್ರಯಕ್ಕೆ ತೆಗೆದುಕೊಂಡನು. ಅವನೂ ಕಣ್ಮರೆಯಾದ ಮೇಲೆ ಸೋದರಮಾವನಾದ ಈದಾ ಪೈಲ್ವಾನನು ಆ ಹೊಣೆಯನ್ನು ಹೊತ್ತನು. ತೀರಿಹೋದ ತಂದೆಯ ಆಸೆಯನ್ನು ಮಗನಿಂದ ಈಡೇರಿಸಿಯೇ ತೀರಬೇಕೆಂದು ಮಾವನು ಹಟತೊಟ್ಟನು. ಹೀಗೆ ಆಟವಾಡುವ ವಯಸ್ಸಿನಲ್ಲಿಯೇ ಗಾಮನ ಪಾಲಿಗೆ ಅಖಾಡದ ಶಿಸ್ತು ಬಂದಿತು.

1888ರಲ್ಲಿ ಜೋಧಪುರದ ಮಹಾರಾಜನು ದೇಶದ ಜಟ್ಟಿಗಳನ್ನೆಲ್ಲ ಕರೆಸಿ ಒಂದು ಸ್ಪರ್ಧೆಯನ್ನು ಏರ್ಪಡಿಸಿದನು. ಅದು ಒಬ್ಬನನ್ನು ಇನ್ನೊಬ್ಬನು ಕೆಡಹುವ ಸ್ಪರ್ಧೆಯಲ್ಲ. ಬಸ್ಕಿ ಹೊಡೆಯುವ ಸ್ಪರ್ಧೆ. ನಾನೂರಕ್ಕೂ ಹೆಚ್ಚು ಜಟ್ಟಿಗಳು ಸೇರಿದ್ದರು. ಅವರ ನಡುವೆ ಹತ್ತು ವರ್ಷದ ಬಾಲಕ ಗಾಮನೂ ನಿಂತನು. ಹೊತ್ತು ಏರಿದಂತೆ ದೊಡ್ಡ ದೊಡ್ಡ ಜಟ್ಟಿಗಳು ಒಬ್ಬೊಬ್ಬರಾಗಿ ಬಸವಳಿದು ಪಕ್ಕಕ್ಕೆ ಸರಿದರು. ಕೊನೆಗೆ ಹದಿನೈದು ಮಂದಿ ಉಳಿದರು. ಆ ಹದಿನೈದು ಮಂದಿಯಲ್ಲಿ ಈ ಬಾಲಕನೂ ಒಬ್ಬನಾಗಿದ್ದನು. ಇಷ್ಟು ಎಳೆಯ ಪ್ರಾಯದಲ್ಲಿ ಇಂತಹ ಸಹನಶಕ್ತಿಯನ್ನು ತೋರಿದ ಹುಡುಗನೇ ಗೆದ್ದನೆಂದು ಮಹಾರಾಜನು ಸಾರಿದನು. ಸ್ಪರ್ಧೆ ಮುಗಿದ ಮೇಲೆ ಹುಡುಗನು ಕಾಲು ಎತ್ತಿಡಲಾರದೆ ಹಲವು ದಿನ ಹಾಸಿಗೆ ಹಿಡಿದನಂತೆ. ಆದರೆ ಅಂದಿನಿಂದ ಅವನ ಹೆಸರು ಊರೂರಿಗೆ ಹಬ್ಬಿತು. ಬುಂದೇಲಖಂಡದ ದತಿಯಾ ಸಂಸ್ಥಾನದ ಮಹಾರಾಜನು ಅವನನ್ನು ತನ್ನ ಆಸ್ಥಾನಕ್ಕೆ ಕರೆದುಕೊಂಡು, ಅವನ ಅನ್ನ, ಹಾಲು, ಶಿಕ್ಷಣಗಳ ಭಾರವನ್ನು ವಹಿಸಿಕೊಂಡನು.

ಜಟ್ಟಿಯ ಮೈ ಒಂದು ದಿನದಲ್ಲಿ ಆಗುವಂತಹುದಲ್ಲ. ಗಾಮನು ದಿನವೂ ಸಾವಿರಗಟ್ಟಲೆ ಬಸ್ಕಿ, ಸಾವಿರಗಟ್ಟಲೆ ದಂಡಗಳನ್ನು ಹೊಡೆಯುತ್ತಿದ್ದನು. ಬಳಿಕ ಗರಡಿಯ ನಲವತ್ತು ಮಂದಿ ಜಟ್ಟಿಗಳೊಡನೆ ಒಬ್ಬರಾದ ಮೇಲೊಬ್ಬರಂತೆ ಅಖಾಡದಲ್ಲಿ ಸೆಣಸುತ್ತಿದ್ದನು. ಭಾರವಾದ ಕಲ್ಲಿನ ಬಳೆಯನ್ನು ಕೊರಳಿಗೆ ಹಾಕಿಕೊಂಡು ಬಸ್ಕಿ ಹೊಡೆಯುವುದೂ ಅವನ ಸಾಧನೆಯಲ್ಲಿ ಸೇರಿತ್ತು. ಹಾಲು, ತುಪ್ಪ, ಬಾದಾಮಿ, ಮಾಂಸದ ರಸ ಇವು ಅವನ ಆಹಾರ. ಅವನು ಕುಡಿಯುತ್ತಿದ್ದ ಹಾಲಿನ ಲೆಕ್ಕ, ಹೊಡೆಯುತ್ತಿದ್ದ ಬಸ್ಕಿಯ ಲೆಕ್ಕ ಜನರ ಬಾಯಿಂದ ಬಾಯಿಗೆ ಹೋಗುವಾಗ ಬೆಳೆದಿರಲೂಬಹುದು. ಆದರೆ ಆ ಲೆಕ್ಕದ ಹಿಂದಿರುವ ಸತ್ಯ ಒಂದೇ: ಪ್ರಪಂಚವು ಕಂಡ ಹತ್ತು ನಿಮಿಷದ ಗೆಲುವಿನ ಹಿಂದೆ ಪ್ರಪಂಚವು ಕಾಣದ ಹತ್ತು ವರ್ಷದ ಬೆವರು ಇತ್ತು.

ಗಾಮನ ಆಳು ಎತ್ತರವಾದುದಲ್ಲ. ಅವನು ಐದು ಅಡಿ ಏಳು ಅಂಗುಲದ ಮನುಷ್ಯ. ಆದರೆ ಎದೆ ಹರವಾದುದು, ತೊಡೆಗಳು ಮರದ ಬೊಡ್ಡೆಯಂತಹವು. 1895ರಲ್ಲಿ, ಇನ್ನೂ ಹದಿನೇಳರ ಹರೆಯದಲ್ಲಿ, ಅವನು ಗುಜರಾನ್‌ವಾಲಾದ ರಹೀಂ ಬಕ್ಷ್ ಸುಲ್ತಾನಿವಾಲಾನೊಡನೆ ಸೆಣಸಲು ನಿಂತನು. ರಹೀಂ ಬಕ್ಷನು ಆಗ ದೇಶದ ಅಗ್ರಗಣ್ಯ ಜಟ್ಟಿ. ಸುಮಾರು ಏಳು ಅಡಿ ಎತ್ತರದ ಆಜಾನುಬಾಹು. ಅವನ ಎದುರಿಗೆ ಹುಡುಗನನ್ನು ಕಂಡವರು ಕುಸ್ತಿ ನಿಮಿಷಗಳಲ್ಲಿ ಮುಗಿಯುವುದೆಂದು ಬಗೆದರು. ಆದರೆ ಅದು ಗಂಟೆಗಟ್ಟಲೆ ನಡೆಯಿತು. ಗಾಮನ ಮೂಗು, ಕಿವಿಗಳಿಂದ ರಕ್ತ ಸುರಿದರೂ ಅವನ ಬೆನ್ನು ಮಣ್ಣಿಗೆ ತಾಗಲಿಲ್ಲ. ಕೊನೆಗೆ ಇಬ್ಬರೂ ಸಮಸಮವೆಂದು ತೀರ್ಮಾನವಾಯಿತು. ಗೆಲ್ಲದೆಯೂ ಗಾಮನು ಅಂದು ದೇಶದ ಮೊದಲ ಸಾಲಿನ ಜಟ್ಟಿಯಾದನು.

ಮುಂದಿನ ಹದಿನೈದು ವರ್ಷಗಳಲ್ಲಿ ಅವನು ಭೋಪಾಲ, ಇಂದೂರು, ಮುಲ್ತಾನ್ ಮುಂತಾದ ಕಡೆಗಳ ಹೆಸರಾಂತ ಜಟ್ಟಿಗಳನ್ನೆಲ್ಲ ಕೆಡಹಿದನು. ರಹೀಂ ಬಕ್ಷನೊಬ್ಬನು ಮಾತ್ರ ಸೋಲದೆ ಉಳಿದನು. ಈ ಕಾಲದ ನೆನಪಿಗೆ ಬಡೋದೆಯ ಸಯಾಜಿಬಾಗಿನ ವಸ್ತುಸಂಗ್ರಹಾಲಯದಲ್ಲಿ ಒಂದು ದೊಡ್ಡ ಕಲ್ಲಿದೆ. 1902ರ ಡಿಸೆಂಬರಿನಲ್ಲಿ ಗಾಮನು ಅದನ್ನು ಎತ್ತಿದನೆಂದು ಅದರ ಮೇಲೆ ಕೆತ್ತಲಾಗಿದೆ. ಕಲ್ಲಿನ ತೂಕ 1200 ಕಿಲೋ ಎಂದು ಹೇಳುತ್ತಾರೆ. ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತುವವರನ್ನು ನೋಡಿದವರಿಗೆ ಈ ಮಾತು ನಂಬಲು ಕಷ್ಟವಾದುದೆಂದು ತಿಳಿಯುತ್ತದೆ. ಅವನು ಅದನ್ನು ಪೂರ್ತಿಯಾಗಿ ಎತ್ತಿದನೋ, ನೆಲದಿಂದ ತುಸು ಕದಲಿಸಿದನೋ, ಜನರು ಆ ಕಲ್ಲಿಗೆ ಅವನ ಹೆಸರನ್ನು ಕೊಟ್ಟು ಕಾಪಾಡಿಕೊಂಡು ಬಂದಿದ್ದಾರೆಂಬುದು ಮಾತ್ರ ನಿಜ.

ಗಾಮನ ಜೀವನದಲ್ಲಿ ಅವನ ತಮ್ಮ ಇಮಾಮ್ ಬಕ್ಷನಿಗೆ ದೊಡ್ಡ ಸ್ಥಾನವಿದೆ. ಅಣ್ಣನು ಗಿಡ್ಡ, ತಮ್ಮನು ಎತ್ತರ. ಅಣ್ಣನದು ಮಿಂಚಿನಂತೆ ಮೇಲೆರಗುವ ರೀತಿ. ತಮ್ಮನದು ಪಟ್ಟುಗಳಲ್ಲಿ ನಯವಾದ ಚಾತುರ್ಯ. ಇಬ್ಬರೂ ಒಂದೇ ಅಖಾಡದಲ್ಲಿ ಬೆಳೆದರು. ಒಬ್ಬನ ಸಾಧನೆಗೆ ಇನ್ನೊಬ್ಬನು ಒರೆಗಲ್ಲಾದನು. ಮುಂದಿನ ಕಾಲದಲ್ಲಿ ಜೋಡಿ ಕುಸ್ತಿಯೆಂಬ ಪದ್ಧತಿಯು ಪಾಶ್ಚಾತ್ಯ ದೇಶಗಳಿಂದ ನಮ್ಮ ದೇಶಕ್ಕೂ ಬಂದಿತು. ಅದರಲ್ಲಿ ಇಬ್ಬರ ಎದುರಿಗೆ ಇಬ್ಬರು. ಹಗ್ಗ ಬಿಗಿದ ಕಣದೊಳಗೆ ಒಬ್ಬನು ಸೆಣಸುತ್ತಿರುವಾಗ ಅವನ ಜೊತೆಗಾರನು ಹಗ್ಗದ ಆಚೆ ಕಾದು ನಿಂತಿರುತ್ತಾನೆ. ದಣಿದವನು ಕೈ ಚಾಚಿ ಅವನ ಕೈಯನ್ನು ಮುಟ್ಟಿದರೆ ಅವನು ಒಳಕ್ಕೆ ಬರುತ್ತಾನೆ. ಮಣ್ಣಿನ ಅಖಾಡದಲ್ಲಿ ಇಂತಹ ಅನುಕೂಲವಿಲ್ಲ. ಅಲ್ಲಿ ದಣಿದರೂ ಬಿದ್ದರೂ ಒಬ್ಬನೇ. ಆದರೂ ಗಾಮನು ಎಂದೂ ಒಂಟಿಯಾಗಿರಲಿಲ್ಲ. ಅಖಾಡದ ಅಂಚಿನಲ್ಲಿ ತಮ್ಮನು ನಿಂತಿರುತ್ತಿದ್ದನು. ಅಣ್ಣನೊಡನೆ ಸೆಣಸಬೇಕೆನ್ನುವವನು ಮೊದಲು ತನ್ನನ್ನು ಗೆಲ್ಲಬೇಕೆಂದು ಇಮಾಮ್ ಬಕ್ಷನು ಪಣ ಒಡ್ಡುತ್ತಿದ್ದನು. ಅನೇಕರಿಗೆ ಆ ಬಾಗಿಲನ್ನು ದಾಟುವುದೇ ಆಗುತ್ತಿರಲಿಲ್ಲ.

1910ರಲ್ಲಿ ಈ ಅಣ್ಣತಮ್ಮಂದಿರು ಇನ್ನಿಬ್ಬರು ಜಟ್ಟಿಗಳೊಡನೆ ಹಡಗನ್ನೇರಿ ಇಂಗ್ಲೆಂಡಿಗೆ ಹೋದರು. ಪ್ರಯಾಣದ ವೆಚ್ಚವನ್ನು ಬಂಗಾಳದ ಶ್ರೀಮಂತನಾದ ಶರತ್‌ಕುಮಾರ ಮಿತ್ರನು ಕೊಟ್ಟನು. ಪಂಜಾಬಿನ ಮುಸಲ್ಮಾನ ಜಟ್ಟಿಗಳಿಗಾಗಿ ಬಂಗಾಳದ ಹಿಂದೂ ಗೃಹಸ್ಥನು ಹಣ ಕೊಡುವುದರಲ್ಲಿ ಅರ್ಥವಿತ್ತು. ಅದು ಬಂಗಾಳದ ವಿಭಜನೆಯ ಬಳಿಕ ಸ್ವದೇಶಿ ಚಳವಳಿಯು ಎದ್ದಿದ್ದ ಕಾಲ. ಭಾರತೀಯರು ದುರ್ಬಲರು, ಆಳಿಸಿಕೊಳ್ಳುವುದಕ್ಕೆ ಹುಟ್ಟಿದವರು ಎಂಬ ಭಾವನೆಯನ್ನು ಆಳುವವರು ಬೆಳೆಸಿದ್ದರು. ಆಳುವವರ ರಾಜಧಾನಿಯಲ್ಲಿಯೇ ಒಬ್ಬ ಭಾರತೀಯನು ನಿಂತು ಪ್ರಪಂಚದ ಜಟ್ಟಿಗಳನ್ನು ಗೆದ್ದರೆ ಅದಕ್ಕಿಂತ ದೊಡ್ಡ ಉತ್ತರ ಇನ್ನಾವುದಿದ್ದೀತು?

ಆದರೆ ಲಂಡನ್ನಿನಲ್ಲಿ ಗಾಮನಿಗೆ ಮೊದಲು ದೊರೆತದ್ದು ಅವಮಾನ. ಅವನ ಆಳು ಗಿಡ್ಡವೆಂಬ ಕಾರಣದಿಂದ ಸ್ಪರ್ಧೆಯಲ್ಲಿ ಪ್ರವೇಶ ಸಿಕ್ಕಲಿಲ್ಲ. ಆಗ ಅವನು ಒಂದು ಪಣವನ್ನು ಸಾರಿದನು. ಯಾವ ತೂಕದವರೇ ಆಗಲಿ, ಮೂವರು ಜಟ್ಟಿಗಳನ್ನು ಮೂವತ್ತು ನಿಮಿಷಗಳೊಳಗೆ ಕೆಡಹುವೆನೆಂಬುದು ಆ ಪಣ. ಮೊದಲು ಜನರು ಇದನ್ನು ಬರಿಯ ಬೊಗಳೆಯೆಂದು ನಕ್ಕರು; ಬಹುದಿನಗಳವರೆಗೆ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅಮೆರಿಕದ ಬೆಂಜಮಿನ್ ರೋಲರ್ ಎಂಬವನು ಒಪ್ಪಿದನು. ಇವನು ವೃತ್ತಿಯಿಂದ ವೈದ್ಯ, ಜೊತೆಗೆ ಪ್ರಸಿದ್ಧ ಜಟ್ಟಿ. ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ಅಲ್ಹಾಂಬ್ರಾ ರಂಗಮಂದಿರದಲ್ಲಿ ಕುಸ್ತಿ ನಡೆಯಿತು. ಮೊದಲ ಸಲ ಒಂದು ನಿಮಿಷ ನಲವತ್ತು ಸೆಕೆಂಡುಗಳಲ್ಲಿಯೂ ಎರಡನೆಯ ಸಲ ಒಂಬತ್ತು ನಿಮಿಷ ಹತ್ತು ಸೆಕೆಂಡುಗಳಲ್ಲಿಯೂ ಗಾಮನು ರೋಲರನನ್ನು ಚಿತ್ ಮಾಡಿದನು. ನಕ್ಕವರ ಬಾಯಿ ಮುಚ್ಚಿತು. ಮುಚ್ಚಿದ್ದ ಬಾಗಿಲು ತೆರೆಯಿತು.

ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಇಮಾಮ್ ಬಕ್ಷನು ಸ್ವಿಟ್ಸರ್ಲೆಂಡಿನ ಪ್ರಸಿದ್ಧ ಜಟ್ಟಿ ಜಾನ್ ಲೆಮ್‌ನನ್ನು ಕೆಲವೇ ನಿಮಿಷಗಳಲ್ಲಿ ಕೆಡಹಿ ಅಣ್ಣನ ಹೆಸರಿಗೆ ತನ್ನ ಹೆಸರನ್ನೂ ಸೇರಿಸಿದನು. 1910ರ ಸೆಪ್ಟೆಂಬರ್ 10ರಂದು ಗಾಮನಿಗೂ ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೋಗೂ ಕುಸ್ತಿ ಏರ್ಪಟ್ಟಿತು. ಪಣ 250 ಪೌಂಡು ಹಣ, ಜೊತೆಗೆ ಜಾನ್ ಬುಲ್ ಎಂಬ ಹೆಸರಿನ ಗೌರವದ ನಡುಪಟ್ಟಿ. ಜಿಬಿಸ್ಕೋ ಗಾಮನಿಗಿಂತ ಬಹಳ ತೂಕದವನು. ಯೂರೋಪಿನ ಜಟ್ಟಿಗಳಲ್ಲಿ ಅಗ್ರಗಣ್ಯನು. ಕುಸ್ತಿ ತೊಡಗಿದ ಒಂದು ನಿಮಿಷದೊಳಗೆ ಗಾಮನು ಅವನನ್ನು ಕೆಳಕ್ಕೆ ತಂದನು. ಕೆಳಕ್ಕೆ ಬಂದ ಜಿಬಿಸ್ಕೋ ಮತ್ತೆ ಮೇಲಕ್ಕೆ ಏಳುವ ಗೋಜಿಗೆ ಹೋಗಲಿಲ್ಲ. ಹೊಟ್ಟೆಯನ್ನು ಹಾಸಿಗೆ ಒತ್ತಿ, ಕೈಕಾಲುಗಳನ್ನು ಹರಡಿ, ನೆಲಕ್ಕೆ ಅಂಟಿಕೊಂಡುಬಿಟ್ಟನು. ಬೆನ್ನು ಮೇಲಾಗಿರುವವರೆಗೆ ಸೋಲಿಲ್ಲವಷ್ಟೆ! ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ನಮ್ಮ ಗಾದೆಯನ್ನು ಆ ಪರದೇಶಿಯು ತನ್ನ ರೀತಿಯಲ್ಲಿ ನಡೆಸಿ ತೋರಿಸಿದನು. ಅಖಾಡದ ಮಣ್ಣಿನ ಮೇಲೆ ನಿಂತು ಸೆಣಸುವುದನ್ನು ಕಲಿತಿದ್ದ ಗಾಮನಿಗೆ, ಹಾಸಿನ ಮೇಲೆ ಬಿದ್ದುಕೊಂಡೇ ಕಾಲ ಕಳೆಯುವವನನ್ನು ಮಗುಚಿ ಹಾಕುವುದು ಕಷ್ಟವಾಯಿತು. ಎರಡೂವರೆ ಗಂಟೆಗೂ ಮೀರಿ ನಡೆದ ಕುಸ್ತಿಯನ್ನು ಕೊನೆಗೆ ಸಮವೆಂದು ನಿಲ್ಲಿಸಲಾಯಿತು. ಒಂದು ವಾರದ ಬಳಿಕ, ಸೆಪ್ಟೆಂಬರ್ 17ರಂದು, ಮತ್ತೆ ಸೆಣಸಬೇಕೆಂದು ನಿಶ್ಚಯವಾಯಿತು. ಅಂದು ಗಾಮನು ಬಂದು ನಿಂತನು. ಜಿಬಿಸ್ಕೋ ಬರಲೇ ಇಲ್ಲ. ಗಾಮನು ಗೆದ್ದನೆಂದು ಸಾರಿ ನಡುಪಟ್ಟಿಯನ್ನು ಅವನಿಗೆ ಕೊಟ್ಟರು.

ಭಾರತಕ್ಕೆ ಮರಳಿದ ಮೇಲೆ ಗಾಮನಿಗೆ ಒಂದು ಹಳೆಯ ಲೆಕ್ಕ ಉಳಿದಿತ್ತು. ಅಲಹಾಬಾದಿನಲ್ಲಿ ಅವನು ರಹೀಂ ಬಕ್ಷನನ್ನು ಮತ್ತೊಮ್ಮೆ ಎದುರಿಸಿದನು. ಆ ದೀರ್ಘ ಸೆಣಸಾಟದ ಕೊನೆಯಲ್ಲಿ ಗೆಲುವು ಗಾಮನದಾಯಿತು. ರುಸ್ತುಮ್-ಎ-ಹಿಂದ್, ಎಂದರೆ ಭಾರತದ ಮಹಾಜಟ್ಟಿ, ಎಂಬ ಬಿರುದು ಅವನಿಗೆ ಬಂದಿತು. ತನ್ನನ್ನು ಎದುರಿಸಿದ ಜಟ್ಟಿಗಳಲ್ಲಿ ಅತ್ಯಂತ ಬಲಶಾಲಿಯು ಯಾರೆಂದು ಕೇಳಿದವರಿಗೆ ಗಾಮನು ಬಿಳಿಯ ಜಟ್ಟಿಗಳ ಹೆಸರನ್ನು ಹೇಳದೆ ರಹೀಂ ಬಕ್ಷನ ಹೆಸರನ್ನೇ ಹೇಳುತ್ತಿದ್ದನು. ಗೆದ್ದವನು ಸೋತವನ ಹಿರಿಮೆಯನ್ನು ಮರೆಯದಿರುವುದು ಗರಡಿಯ ಸಂಸ್ಕಾರ.

ಇದೇ ಕಾಲದಲ್ಲಿ ಕರ್ನಾಟಕದ ನೆರೆಯ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜನು ಕುಸ್ತಿಗೆಂದೇ ಖಾಸಬಾಗ್ ಮೈದಾನವನ್ನು ಕಟ್ಟಿಸಿದನು. 1912ರಲ್ಲಿ ಅದರ ಪ್ರಾರಂಭೋತ್ಸವದ ಕುಸ್ತಿಯಲ್ಲಿ ಸೆಣಸಿದವನು ಗಾಮನ ತಮ್ಮ ಇಮಾಮ್ ಬಕ್ಷ್. ಬೆಳಗಾವಿ, ಧಾರವಾಡ ಸೀಮೆಯ ಹುಡುಗರು ಕುಸ್ತಿಯನ್ನು ಕಲಿಯಲು ಕೊಲ್ಲಾಪುರದ ತಾಲೀಮುಗಳಿಗೆ ಹೋಗುವ ವಾಡಿಕೆಯು ಬೆಳೆಯಿತು. ಚಿಕ್ಕೋಡಿ ಸೀಮೆಯ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ 1959ರಲ್ಲಿ ಹಿಂದ್ ಕೇಸರಿ ಬಿರುದನ್ನು ಗಳಿಸಿದ್ದು ಆ ತಾಲೀಮಿನ ಮಣ್ಣಿನ ಬಲದಿಂದಲೇ. ಹೀಗೆ ಪಂಜಾಬಿನ ಅಖಾಡದ ಕೀರ್ತಿಯು ಕೊಲ್ಲಾಪುರದ ದಾರಿಯಾಗಿ ಕನ್ನಡದ ಗರಡಿಗಳನ್ನು ತಲಪಿತು.

ಇಂಗ್ಲೆಂಡಿನ ಯುವರಾಜನು 1922ರಲ್ಲಿ ಭಾರತಕ್ಕೆ ಬಂದಾಗ ಗಾಮನಿಗೆ ಬೆಳ್ಳಿಯ ಗದೆಯನ್ನು ಕೊಟ್ಟು ಗೌರವಿಸಿದನು. ಆ ವೇಳೆಗೆ ದೇಶದಲ್ಲಿ ಗಾಮನಿಗೆ ಎದುರು ನಿಲ್ಲುವವರೇ ಇರಲಿಲ್ಲ. ಆದರೆ ಲಂಡನ್ನಿನಲ್ಲಿ ಅರ್ಧಕ್ಕೆ ನಿಂತ ಕುಸ್ತಿಯ ನೆನಪು ಜನರ ಮನಸ್ಸಿನಿಂದ ಹೋಗಿರಲಿಲ್ಲ. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗನು ಜಿಬಿಸ್ಕೋನನ್ನು ಭಾರತಕ್ಕೆ ಬರಮಾಡಿಕೊಂಡನು. ಈ ನಡುವೆ ಜಿಬಿಸ್ಕೋ ಅಮೆರಿಕದಲ್ಲಿ ಜಗಜಟ್ಟಿಯ ಪದವಿಯನ್ನು ಗಳಿಸಿದ್ದನು. 1928ರ ಜನವರಿ ತಿಂಗಳಲ್ಲಿ ಪಟಿಯಾಲದಲ್ಲಿ ಸಾವಿರಾರು ಜನರ ಎದುರಿಗೆ ಇಬ್ಬರೂ ಮತ್ತೆ ನಿಂತರು. ಹದಿನೇಳು ವರ್ಷಗಳು ಕಳೆದಿದ್ದವು. ಇಬ್ಬರಿಗೂ ಐವತ್ತರ ಹತ್ತಿರ ವಯಸ್ಸು. ಆದರೆ ಈ ಸಲ ಕಾಲ ಕೆಳಗಿದ್ದುದು ಲಂಡನ್ನಿನ ಹಾಸು ಅಲ್ಲ, ಅಖಾಡದ ಮಣ್ಣು. ದೂರದಿಂದ ಬಂದ ಜನರು ಕುಳಿತು ನೆಲೆಯಾಗುವಷ್ಟರಲ್ಲಿ ಕುಸ್ತಿ ಮುಗಿದುಹೋಗಿತ್ತು. ಒಂದು ನಿಮಿಷ ತುಂಬುವುದರೊಳಗಾಗಿ ಗಾಮನು ಜಿಬಿಸ್ಕೋನ ಬೆನ್ನನ್ನು ಮಣ್ಣಿಗೆ ತಾಗಿಸಿದ್ದನು. ಸೋತವನು ಗೆದ್ದವನನ್ನು ಹುಲಿಯೆಂದು ಹೊಗಳಿದನು. ಮರುವರ್ಷ ಜೆಸ್ ಪೀಟರ್ಸನ್ ಎಂಬ ಇನ್ನೊಬ್ಬ ಪಾಶ್ಚಾತ್ಯ ಜಟ್ಟಿಯೂ ಒಂದೂವರೆ ನಿಮಿಷದಲ್ಲಿ ಸೋತನು. ಅದಾದ ಮೇಲೆ ಗಾಮನಿಗೆ ಜೋಡಿಯೇ ಸಿಗಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಗಾಮನು ಗೆದ್ದ ಜಟ್ಟಿಗಳಲ್ಲಿ ಒಬ್ಬನಾಗಿ ಉಳಿಯುತ್ತಿದ್ದನು. ಅವನ ಬಲಕ್ಕೆ ನಿಜವಾದ ಪರೀಕ್ಷೆ ಬಂದದ್ದು ಅಖಾಡದ ಹೊರಗೆ, ಅವನಿಗೆ ಅರುವತ್ತೊಂಬತ್ತು ವರ್ಷವಾಗಿದ್ದಾಗ. 1947ರಲ್ಲಿ ದೇಶವು ಸ್ವತಂತ್ರವಾಯಿತು. ಅದರೊಡನೆ ಇಬ್ಭಾಗವೂ ಆಯಿತು. ಪಂಜಾಬು ಎರಡು ತುಂಡಾಗಿ, ಅಕ್ಕಪಕ್ಕದ ಮನೆಗಳಲ್ಲಿ ತಲೆತಲಾಂತರದಿಂದ ಬಾಳಿದವರು ಒಬ್ಬರನ್ನೊಬ್ಬರು ಕೊಲ್ಲುವ ಹುಚ್ಚು ಹಬ್ಬಿತು. ಗಾಮನು ಆಗ ಲಾಹೋರಿನ ಮೋಹನಿ ರಸ್ತೆಯಲ್ಲಿ ವಾಸವಾಗಿದ್ದನು. ಆ ಬೀದಿಯಲ್ಲಿ ಅನೇಕ ಹಿಂದೂ ಕುಟುಂಬಗಳಿದ್ದವು. ಅವರ ಪ್ರಾಣಗಳಿಗೆ ತಾನು ಹೊಣೆಯೆಂದು ಗಾಮನು ಮಾತು ಕೊಟ್ಟನು. ಆಯುಧ ಹಿಡಿದ ಗುಂಪು ಬೀದಿಯೊಳಕ್ಕೆ ನುಗ್ಗಲು ಬಂದಾಗ ಆ ಮುದುಕನು ತನ್ನ ಶಿಷ್ಯರನ್ನು ಜೊತೆಗಿಟ್ಟುಕೊಂಡು ಅಡ್ಡನಿಂತನು. ಮುಂದೆ ಬಂದವನಿಗೆ ಒಂದು ಪೆಟ್ಟು ಬಿದ್ದಿತು; ಉಳಿದವರು ಹಿಂದಕ್ಕೆ ಹೋದರು. ಆ ಬೀದಿಯಲ್ಲಿ ಒಬ್ಬ ಹಿಂದೂವಿಗೂ ಕೇಡಾಗಲಿಲ್ಲ. ಅಲ್ಲಿ ಇನ್ನು ಇರುವುದು ಸಾಧ್ಯವಿಲ್ಲವೆಂದು ಆ ಕುಟುಂಬಗಳು ಹೊರಟಾಗ, ಗಾಮನು ದಾರಿಯ ಖರ್ಚಿಗೆ ಹಣವನ್ನೂ ದಿನಸಿಯನ್ನೂ ಕೊಟ್ಟು, ಗಡಿಯವರೆಗೆ ತಾನೇ ಹೋಗಿ ಕಳುಹಿಸಿ ಬಂದನೆಂದು ಹೇಳುತ್ತಾರೆ.

ಈ ಗೆಲುವಿಗೆ ಬೆಳ್ಳಿಯ ಗದೆಯಿಲ್ಲ, ನಡುಪಟ್ಟಿಯಿಲ್ಲ. ಲಂಡನ್ನಿನಲ್ಲಿ ಗಾಮನು ಎದುರಿಸಿದ್ದು ಒಬ್ಬ ಜಟ್ಟಿಯನ್ನು. ಅಲ್ಲಿ ನಿಯಮಗಳಿದ್ದವು, ತೀರ್ಪುಗಾರನಿದ್ದನು, ಸೋತರೆ ಹೋಗುವುದು ಹೆಸರು ಮಾತ್ರ. ಮೋಹನಿ ರಸ್ತೆಯಲ್ಲಿ ಎದುರಿಗಿದ್ದುದು ತನ್ನದೇ ಮತದವರ ಗುಂಪು. ಅಲ್ಲಿ ನಿಯಮವಿರಲಿಲ್ಲ, ಸೋತರೆ ಹೋಗುವುದು ಪ್ರಾಣ. ತನ್ನವರನ್ನು ಪರರಿಂದ ಕಾಪಾಡುವುದು ಬಲವುಳ್ಳವರೆಲ್ಲರೂ ಮಾಡಬಹುದಾದ ಕೆಲಸ. ನೆರೆಯವರನ್ನು ತನ್ನವರಿಂದಲೇ ಕಾಪಾಡಲು ತೋಳಿನ ಬಲ ಸಾಲದು. ಎದೆಯ ಬಲ ಬೇಕು. ಹಿಂದೂ ರಾಜರ ಆಶ್ರಯದಲ್ಲಿ ಬೆಳೆದು, ಹಿಂದೂ, ಸಿಖ್, ಮುಸಲ್ಮಾನ ಜಟ್ಟಿಗಳೊಡನೆ ಒಂದೇ ಮಣ್ಣಿನಲ್ಲಿ ಹೊರಳಿದ್ದ ಗಾಮನಿಗೆ ಅಖಾಡವೇ ಆ ಬಲವನ್ನು ಕಲಿಸಿತ್ತು.

ಗಾಮನ ಕೊನೆಯ ದಿನಗಳು ಸುಖದವಲ್ಲ. ಅವನ ಗಂಡುಮಕ್ಕಳು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಿದ್ದರು. ತನ್ನ ವಿದ್ಯೆಯನ್ನು ಅವನು ತಮ್ಮನ ಮಕ್ಕಳಿಗೆ ಧಾರೆಯೆರೆದನು. ಇಮಾಮ್ ಬಕ್ಷನ ಮಗ ಭೋಲೂ ಪಾಕಿಸ್ತಾನದ ಅಗ್ರಜಟ್ಟಿಯಾಗಿ ಬಹುಕಾಲ ಮೆರೆದನು. ಅವನ ತಮ್ಮಂದಿರೂ ಹೆಸರಾದರು. ಆದರೆ ಕಾಲ ಬದಲಾಗಿತ್ತು. ಮೈಸೂರು, ಕೊಲ್ಲಾಪುರ, ಬಡೋದೆ, ಪಟಿಯಾಲಗಳಂತಹ ಸಂಸ್ಥಾನಗಳಲ್ಲಿ ಜಟ್ಟಿಗಳನ್ನು ಸಾಕಿದ್ದು ಅರಮನೆಗಳು. ಒಬ್ಬ ಜಟ್ಟಿಯ ದಿನದ ಆಹಾರಕ್ಕೆ ಒಂದು ಸಂಸಾರದ ವಾರದ ಖರ್ಚು ಬೇಕು. ಅದನ್ನು ಕೂಲಿಯಿಂದ ದುಡಿದು ತಿನ್ನುವುದು ಆಗದ ಮಾತು. ಸಂಸ್ಥಾನಗಳು ಅಳಿದಾಗ ಪ್ರಜೆಗಳಿಗೆ ಒಳ್ಳೆಯದೇ ಆಯಿತು. ಆದರೆ ಜಟ್ಟಿಗಳ ಅನ್ನದ ದಾರಿ ಮುಚ್ಚಿತು. ಗಾಮನಿಗಂತೂ ಅವನನ್ನು ಸಾಕಿದ ಸಂಸ್ಥಾನಗಳೆಲ್ಲ ಗಡಿಯ ಆಚೆಯ ಪಾಲಾಗಿದ್ದವು.

1952ರಲ್ಲಿ ಅವನು ಕುಸ್ತಿಯಿಂದ ನಿವೃತ್ತನಾದನು. ಉಬ್ಬಸ, ಹೃದಯದ ಬೇನೆಗಳು ಅವನನ್ನು ಕಾಡಿದವು. ಯಾರ ಕೈಗೂ ಸೋಲದ ಮೈ ರೋಗಕ್ಕೆ ಸೋಲತೊಡಗಿತು. ಔಷಧಕ್ಕೂ ಹಣವಿಲ್ಲದ ಸ್ಥಿತಿ ಒದಗಿತು. ಈ ಸುದ್ದಿ ಭಾರತಕ್ಕೆ ಮುಟ್ಟಿದಾಗ ಉದ್ಯಮಿ ಘನಶ್ಯಾಮದಾಸ ಬಿರ್ಲಾ ಎರಡು ಸಾವಿರ ರೂಪಾಯಿಗಳನ್ನು ಕಳುಹಿಸಿ, ತಿಂಗಳಿಗೆ ಮುನ್ನೂರು ರೂಪಾಯಿಗಳ ವೇತನವನ್ನು ಗೊತ್ತುಮಾಡಿದರು. ಪಾಕಿಸ್ತಾನದ ಸರ್ಕಾರವೂ ನೆರವಾಯಿತು. 1960ರ ಮೇ 23ರಂದು ಗಾಮನು ಲಾಹೋರಿನಲ್ಲಿ ಕಣ್ಣುಮುಚ್ಚಿದನು. ಆಗ ಅವನಿಗೆ ಎಂಬತ್ತೆರಡು ವರ್ಷ.

ದೇಶವು ಕುಸ್ತಿಯ ಜಗಜಟ್ಟಿಯನ್ನು ಹಾಡಿ ಹೊಗಳಿತು, ಅವನ ಮುಪ್ಪಿನಲ್ಲಿ ಮಾತ್ರ ಬೇಗ ಮರೆಯಿತು. ಕ್ರೀಡಾಪಟುವಿನ ಬಲವು ಸಮಾಜದ ಸಂಪತ್ತು. ಅದನ್ನು ಗೆಲುವಿನ ದಿನದಲ್ಲಿ ಮಾತ್ರ ನೆನೆದರೆ ಸಾಲದು. ಇದು ಗಾಮನ ಬಾಳಿನಿಂದ ಸಮಾಜವು ಕಲಿಯಬೇಕಾದ ಪಾಠ. ಇನ್ನು ಬೆಳೆಯುವ ಮಕ್ಕಳು ಅವನಿಂದ ಕಲಿಯಬೇಕಾದುದೂ ಇದೆ. ಹತ್ತರ ಹರೆಯದಲ್ಲಿ ಅವನು ಸಹನೆಯಿಂದ ಗೆದ್ದನು; ಹದಿನೇಳರಲ್ಲಿ ದೈತ್ಯನೆದುರು ಅಂಜದೆ ನಿಂತನು; ಮೂವತ್ತೆರಡರಲ್ಲಿ ಅವಮಾನಕ್ಕೆ ಮಾತಿನಿಂದಲ್ಲದೆ ಕೆಲಸದಿಂದ ಉತ್ತರ ಕೊಟ್ಟನು; ಅರುವತ್ತೊಂಬತ್ತರಲ್ಲಿ ನೆರೆಯವರ ಬಾಗಿಲಿಗೆ ಕಾವಲಾದನು. ಕೆಂಪುಮಣ್ಣಿನಲ್ಲಿ ಪ್ರತಿದಿನ ತಪ್ಪದೆ ಬೆವರು ಸುರಿಸಿದವನಿಗೆ ಆ ಕೊನೆಯ ಹೊತ್ತಿನಲ್ಲಿ ಕಾಲು ನಡುಗಲಿಲ್ಲ. ಅವನ ಹೆಸರನ್ನು ನಮ್ಮ ಗರಡಿಗಳಲ್ಲಿ ಇಂದಿಗೂ ಗೌರವದಿಂದ ಹೇಳುವವರು ಅವನು ಕೆಡಹಿದ ಜಟ್ಟಿಗಳ ಜೊತೆಗೆ, ಅವನು ಬೀಳಲು ಬಿಡದೆ ಕಾಪಾಡಿದ ಆ ಮನೆಗಳನ್ನೂ ನೆನೆಯಬೇಕು.